ಈ ಸಲದ ಕಾಮಗಾರಿ

ಮಂಚದ ಕಾಲಿಗೆ ಮಗುವನ್ನು ಕಟ್ಟಿಹಾಕಿದ್ದನ್ನು ಕಂಡು ಮೆಂಬರಮ್ಮ ಅಕ್ಕನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮೂರು ವರ್ಷದ ಹೆಣ್ಣುಮಗು. ಸೊಂಟಕ್ಕೆ ಹಳೆಯ ಮೆತ್ತನೆಯ ಬಟ್ಟೆಯ ಪಟ್ಟಿ ಸುತ್ತಿತ್ತು, ಅದರ ಇನ್ನೊಂದು ತುದಿ ಮಂಚದ ಕಾಲಿಗೆ ಗಂಟು ಬಿದ್ದಿತ್ತು. ಮಗುವಿಗೆ ಅದರ ಪರಿವೆಯೇ ಇರಲಿಲ್ಲ. ಬಟ್ಟೆ ಒಣಹಾಕುವ ಎರಡು ಕ್ಲಿಪ್ಪುಗಳಿಗೆ ಜಗಳ ಹಚ್ಚಿ, ಇಬ್ಬರ ಪರವಾಗಿಯೂ ತಾನೇ ಬೈಯುತ್ತ ಕೂತಿತ್ತು. ಕೋಣೆಯ ಆಚೆ ತುದಿಯಲ್ಲಿ ಅಕ್ಕ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಬಿಳಿ ಅಂಗಿಯ ಮೇಲೆ ನೂಕುತ್ತಿದ್ದಳು.

"ಅಕ್ಕಾ, ಇದೇನೇ ಇದು? ಕರು ಕಟ್ಟಿದ ಹಾಗೆ ಕಟ್ಟಿದ್ದೀಯ!"

"ಬಾಗಿಲಲ್ಲಿ ನಿಂತು ನ್ಯಾಯ ಹೇಳ್ಬೇಡ, ಒಳಗೆ ಬಾ. ಗಾಳಿಗೆ ಬೂದಿ ಹಾರುತ್ತೆ." ಅಕ್ಕ ತಲೆ ಎತ್ತಲಿಲ್ಲ. "ಮೊನ್ನೆ ಈ ಪೆಟ್ಟಿಗೆಗೇ ಕೈ ಹಾಕೋಕೆ ಬಂದಿದ್ಲು. ಕೂದಲೆಳೆಯಲ್ಲಿ ತಪ್ಪಿತು. ನನಗಿರೋದು ಎರಡು ಕೈ, ಎರಡು ಕಣ್ಣು. ಇನ್ನೇನು ಮಾಡ್ಲಿ, ನೀನೇ ಹೇಳು."

ಮಗು ಎದುರುಮನೆಯವಳದು. ಅವಳು ನೂಲಿನ ಗಿರಣಿಗೆ ಬೆಳಗಾಗೆದ್ದು ಹೋದರೆ ಬರುವುದು ಸಂಜೆಗೆ. ನಗರಸಭೆಯ ಶಿಶುವಿಹಾರ ನಡೆಯುವುದು ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಮಗುವನ್ನು ಕರೆತಂದು ಸಂಜೆವರೆಗೆ ಇಟ್ಟುಕೊಳ್ಳುವುದು ಅಕ್ಕನ ಪಾಲಿಗೆ ಬಂದಿತ್ತು. ಯಾರೂ ವಹಿಸಿದ್ದಲ್ಲ, ಹೇಗೋ ಬಂದಿತ್ತು.

ಮೆಂಬರಮ್ಮ ಬಗ್ಗಿ ಗಂಟು ಬಿಚ್ಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳು ಬಂದದ್ದು ಸಿಹಿಸುದ್ದಿ ಹೇಳುವುದಕ್ಕೆ. ಹೋದ ವರ್ಷದವರೆಗೂ ಟೈಲರ್ ಆಗಿದ್ದವಳು ನಗರಸಭೆ ಚುನಾವಣೆಗೆ ನಿಂತದ್ದು, ಗೆದ್ದದ್ದು ಎಲ್ಲಾ ಒಂದೇ ಮಾತಿನ ಮೇಲೆ: ಚರಂಡಿ ಮಾಡಿಸುತ್ತೇನೆ. ಪ್ರತಿ ಮಳೆಗಾಲಕ್ಕೂ ಈ ಬೀದಿಗೆ ನೀರು ನುಗ್ಗುತ್ತಿತ್ತು. ತೀರಾ ತಗ್ಗಿನಲ್ಲಿದ್ದ ಅಕ್ಕನ ಮನೆಗೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಇಳಿಯುತ್ತಿತ್ತು. ಒಂದು ಸಲವಂತೂ ಗಿರಾಕಿಗಳ ಬಟ್ಟೆಗಂಟುಗಳೆಲ್ಲ ಅಟ್ಟಕ್ಕೇರಿಸುವ ಮುಂಚೆಯೇ ಕೆಸರಾಗಿ, ಅಕ್ಕ ಮನೆಮನೆಗೆ ಹೋಗಿ ಕೈಮುಗಿದು ಬಂದಿದ್ದಳು.

"ವಾರ್ಡಿನ ಹಣ ಬಂತು ಕಣೇ," ಎಂದಳು ಮೆಂಬರಮ್ಮ. "ಇಂಜಿನಿಯರ್ ನಕ್ಷೆನೂ ಹಾಕಿದ್ದಾನೆ. ನಿನ್ನ ಬಾಗಿಲ ಮುಂದಿನಿಂದಲೇ ಅಗೆಯೋಕೆ ಶುರು."

ಅಕ್ಕನ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಅಕ್ಕ ಅಂಗಿಯ ಕಾಲರನ್ನು ತಿರುವಿ ಹಾಕಿದಳು. "ಶಿಶುವಿಹಾರದ ಟೀಚರೂ ಏನೋ ಅರ್ಜಿ ಹಾಕಿದ್ರಂತಲ್ಲ?"

"ಹಾಕಿದ್ದಾರೆ. ಸಂಜೆತನಕ ನಡೆಸಬೇಕಂತೆ, ಊಟ ಕೊಡಬೇಕಂತೆ, ಇನ್ನೊಬ್ಬ ಟೀಚರ್ ಬೇಕಂತೆ. ಅಧ್ಯಕ್ಷರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ರು, ಎರಡರಲ್ಲಿ ಒಂದು, ಯಾವುದು ಅಂತ ನೀವೇ ಹೇಳಿ ಅಂತ. ಅದರಲ್ಲಿ ಯೋಚನೆ ಮಾಡೋದೇನಿದೆ?"

"ಏನೂ ಇಲ್ಲ. ಮಕ್ಕಳಿಗೆ ಕೊಡು."

ಮೆಂಬರಮ್ಮನಿಗೆ ನಗು ಬಂತು. ಆಮೇಲೆ ಅಕ್ಕ ತಮಾಷೆ ಮಾಡುತ್ತಿಲ್ಲ ಎಂದು ತಿಳಿದು ಸಿಟ್ಟು ಬಂತು. "ತಲೆ ನೆಟ್ಟಗಿದೆಯಾ ನಿನಗೆ? ನೀರು ನುಗ್ಗೋದು ನಿನ್ನ ಮನೆಗೆ! ನಿನಗೆ ಮಗುವಾ, ಮೊಮ್ಮಗುವಾ? ಚರಂಡಿ ಅಂತ ನೀನೇ ಬಾಗಿಲು ಬಾಗಿಲು ತಟ್ಟಿ ಓಟು ಕೇಳಿದ್ದೆ."

"ಕೇಳಿದ್ದೆ. ಆಗ ಇವಳು ನನ್ನ ಮನೇಲಿ ಇರ್ಲಿಲ್ಲ." ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಇಟ್ಟು, ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. "ನೀರು ಬರುತ್ತೆ, ಹೋಗುತ್ತೆ. ಈ ವರ್ಷ ಆಗದಿದ್ರೆ ಬರೋ ವರ್ಷ ಚರಂಡಿ ಅಗೀಬಹುದು. ಇವಳು ಬರೋ ವರ್ಷಾನೂ ಮೂರು ವರ್ಷದವಳಾಗೇ ಇರ್ತಾಳೇನೆ?"

ಮೆಂಬರಮ್ಮ ಮಗುವನ್ನು ಕೆಳಗಿಳಿಸಿ ಎದ್ದು ಹೊರಟಳು. ಎರಡು ದಿನ ಅಕ್ಕನ ಮನೆಯತ್ತ ತಲೆಹಾಕಲಿಲ್ಲ. ಆದರೆ ಆ ಬಟ್ಟೆಪಟ್ಟಿಯ ಗಂಟು ಬೆರಳ ತುದಿಯಿಂದ ಹೋಗಲೇ ಇಲ್ಲ. ಮೂರನೆಯ ದಿನ, ಶಿಶುವಿಹಾರ ಬಿಡುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋದಳು.

ದಿಬ್ಬದ ಮೇಲಿನ ಒಂದೇ ಕೋಣೆ. ಗೋಡೆಯ ಕೆಳಗಿನ ಅರ್ಧ, ಮಕ್ಕಳ ಕೈಗೆ ಎಟಕುವಷ್ಟು ಎತ್ತರಕ್ಕೆ, ಕಪ್ಪು ಬಣ್ಣ ಬಳಿದು ಸ್ಲೇಟಾಗಿತ್ತು. ಟೀಚರ್ ನೆಲದ ಮೇಲೆ ಕೂತು ಒಂದು ಪುಟ್ಟ ಕಥೆ ಹೇಳುತ್ತಿದ್ದರು. ಕಥೆಯಲ್ಲಿ ಕರಡಿ ಬಿದ್ದಾಗಲೆಲ್ಲ ಮಕ್ಕಳು ಬೀಳಬೇಕು. ಎದುರುಮನೆಯವಳ ಮಗಳು ಕರಡಿ ಎದ್ದ ಮೇಲೂ ಬಿದ್ದೇ ಇದ್ದಳು, ಇನ್ನೊಂದು ಸಲ ಏಳುವ ತೊಂದರೆ ಯಾಕೆಂದು. ಮೆಂಬರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗಂಟೆ ಹೊಡೆಯಿತು. ಕೆಲವರನ್ನು ಅಜ್ಜಿಯರು ಕರೆದೊಯ್ದರು. ಒಬ್ಬನನ್ನು ಅವನಿಗಿಂತ ಒಂದು ಗೇಣು ಎತ್ತರದ ಅವನ ಅಕ್ಕ ಬಂದು ಕೈಹಿಡಿದು ಎಳೆದುಕೊಂಡು ಹೋದಳು. ಇಬ್ಬರಿಗೆ ಯಾರೂ ಬರಲಿಲ್ಲ; ಕೊರಳಿಗೆ ನೂಲಿನಲ್ಲಿ ಬೀಗದ ಕೈ ತೂಗುಹಾಕಿಕೊಂಡು ಅವರೇ ನಡೆದರು. ಆ ಇಬ್ಬರು ತಿರುವು ದಾಟುವವರೆಗೂ ಟೀಚರ್ ಬಾಗಿಲಲ್ಲಿ ನಿಂತರು.

"ಇನ್ನು ಸಂಜೆತನಕ ಯಾರ್ಯಾರು ಎಲ್ಲೆಲ್ಲಿರ್ತಾರೆ ಅಂತ ನನಗೆ ಗೊತ್ತು ಮೆಂಬರಮ್ಮ," ಎಂದರು. "ಗೊತ್ತಿದ್ದೂ ಬೀಗ ಹಾಕ್ಕೊಂಡು ಮನೆಗೆ ಹೋಗೋದೇ ಕಷ್ಟ."

ಬಾಗಿಲು ಎಳೆದು ಬೀಗ ಹಾಕಿದರು.

ಆ ಭಾನುವಾರ ಮೆಂಬರಮ್ಮ ಬೀದಿಯವರನ್ನೆಲ್ಲ ಅಕ್ಕನ ಮನೆ ಮುಂದೆ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಈ ಸಲದ ಹಣ ಶಿಶುವಿಹಾರಕ್ಕಿರಲಿ ಎಂದಳು. ಹೇಳಿ ಮುಗಿಸುವ ಮುಂಚೆಯೇ ಸೈಕಲ್ ಅಂಗಡಿಯವನು ಎದ್ದು ನಿಂತ.

"ಗೆದ್ದ ಮೇಲೆ ಮಾತು ತಿರುಗಿಸೋದು ನಮಗೇನು ಹೊಸದಲ್ಲ ಬಿಡಿ. ಆದ್ರೆ ನೀವೂ ಹಾಗೇನಾ ಮೆಂಬರಮ್ಮ? ಹೋದ ಸಲ ನೀರು ನುಗ್ಗಿದಾಗ ನನ್ನ ಹೆಂಡತಿ ಹಸಿ ಬಾಣಂತಿ, ಮಂಚದಿಂದ ಕೆಳಗೆ ಕಾಲಿಡೋಕೆ ಆಗ್ಲಿಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಗ ಬಾಗಿಲಿಗೊರಗಿ ನಿಂತಿದ್ದ ಅಕ್ಕ ಮುಂದೆ ಬಂದಳು. ಮನೆಯಲ್ಲಿ ಸಿಂಹದ ಹಾಗೆ ಗುಡುಗುವ ಅಕ್ಕ ನಾಲ್ಕು ಜನರ ಎದುರು ಮಾತಾಡಿದ್ದನ್ನು ಮೆಂಬರಮ್ಮ ಈವರೆಗೆ ಕಂಡಿರಲಿಲ್ಲ.

"ನೀನು ಹೇಳಿದ್ದು ಸರಿಯಪ್ಪಾ. ನನ್ನ ಮನೆ ಮುಳುಗಿದ್ರೆ ಪರವಾಗಿಲ್ಲ ಅನ್ನೋಕೆ ನನಗೆ ಹಕ್ಕಿದೆ, ನಿನ್ನ ಮನೆ ಬಗ್ಗೆ ಹಾಗೆ ಅನ್ನೋಕೆ ಇಲ್ಲ. ಅದಕ್ಕೇ ಕೇಳ್ತಾ ಇದ್ದೀನಿ. ಈ ಮಳೆಗಾಲ ನಿನ್ನ ಹೆಂಡತಿ ಮಗು ನನ್ನ ಅಟ್ಟದ ಮೇಲಿರ್ಲಿ. ಒಣಗಿರುತ್ತೆ. ನಾನೇ ಬಿಸಿನೀರು ಕಾಯಿಸಿಕೊಡ್ತೀನಿ. ಒಂದೇ ಒಂದು ಮಳೆಗಾಲ."

"ನಿಮ್ಮ ಬಟ್ಟೆಗಂಟು ಎಲ್ಲಿಡ್ತೀರಿ ದೊಡ್ಡಕ್ಕ?" ಎಂದು ಅವನು ಕೇಳಿದ.

"ಎಲ್ಲೋ ಇಡ್ತೀನಿ. ತಲೆ ಮೇಲೆ."

ಯಾರೋ ನಕ್ಕರು. ಗಿರಣಿಯ ಹೆಂಗಸು, ಹಿಂದೆ ಕೂತಿದ್ದವಳು, ಮಗಳನ್ನು ಎದೆಗವಚಿಕೊಂಡು ಅಳುವುದಕ್ಕೇ ಶುರುಮಾಡಿದಳು. ಸೈಕಲ್ ಅಂಗಡಿಯವನು ಒಪ್ಪಿದೆ ಎನ್ನಲಿಲ್ಲ, "ಏನಾದ್ರೂ ಮಾಡ್ಕೊಳ್ಳಿ" ಎಂದು ಕೈ ಕೊಡವಿ ಹೊರಟುಹೋದ. ಉಳಿದವರಲ್ಲೂ ಮುಖ ಗಂಟುಹಾಕಿದವರಿದ್ದರು. ಆದರೂ ಒಪ್ಪುವವರು ಕೈ ಎತ್ತಿ ಎಂದಾಗ ಎದ್ದ ಕೈಗಳು ಹೆಚ್ಚಾಗಿಯೇ ಇದ್ದವು.

ನಗರಸಭೆಯಲ್ಲಿ ಅಧ್ಯಕ್ಷರು ಎರಡೆರಡು ಸಲ ಕೇಳಿದರು, "ಯೋಚನೆ ಮಾಡಿ ಹೇಳ್ತಿದ್ದೀರಾ ಮೆಂಬರಮ್ಮ? ಮುಂದಿನ ಸಲ ಓಟು?" ಅವಳು ಮಾಡಿದ್ದೇನೆ ಎಂದಳು. "ಹಾಗಾದ್ರೆ ಒಂದು ವರ್ಷ ನಡೆಸಿ ತೋರಿಸಿ. ಚೆನ್ನಾಗಿ ನಡೆದ್ರೆ ಆಮೇಲಿನ ಖರ್ಚು ನಗರಸಭೆಯೇ ಹೊರುತ್ತೆ. ಚರಂಡಿ ಮಾತ್ರ ಈ ಸಲದ ಪಟ್ಟಿಯಿಂದ ತೆಗೀತೀನಿ, ಮತ್ತೆ ನನ್ನನ್ನ ದೂರಬೇಡಿ."

ಶಿಶುವಿಹಾರ ಸಂಜೆಯವರೆಗೆ ತೆರೆಯಿತು. ಎರಡನೆಯ ಟೀಚರ್ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಸಾಲಾಗಿ ಚಾಪೆಯ ಮೇಲೆ ಮಲಗಿದ್ದನ್ನು ಮೆಂಬರಮ್ಮ ಕಿಟಕಿಯಲ್ಲಿ ಇಣುಕಿ ನೋಡಿ ಬರುತ್ತಿದ್ದಳು; ಕೆಲಸವಿಲ್ಲದಿದ್ದರೂ ಆ ದಾರಿಯಲ್ಲೇ ಬರುತ್ತಿದ್ದಳು. ಗಿರಣಿಯ ಹೆಂಗಸು ಯಂತ್ರದ ಮುಂದೆ ನಿಂತಾಗ ಈಗ ಮನಸ್ಸು ಮನೆಯತ್ತ ಓಡುವುದಿಲ್ಲ ಎಂದು ಅಕ್ಕನ ಹತ್ತಿರ ಹೇಳಿಕೊಂಡಳಂತೆ.

ಮಳೆ ಯಾರ ಮರ್ಜಿಯನ್ನೂ ಕಾಯಲಿಲ್ಲ. ಒಂದು ಮಧ್ಯಾಹ್ನ ಆಕಾಶವೇ ಹರಿದುಬಿದ್ದಂತೆ ಸುರಿಯಿತು. ಮೆಂಬರಮ್ಮ ಕಚೇರಿಯಿಂದ ಓಡಿದಳು. ಬೀದಿಯ ತಿರುವಿನಲ್ಲಿ ಪಾದ ಮುಳುಗಿತು, ಅಕ್ಕನ ಮನೆಯ ಹತ್ತಿರ ಬರುವಷ್ಟರಲ್ಲಿ ಮೊಣಕಾಲು. ಬಾಗಿಲಲ್ಲಿ ಸೈಕಲ್ ಅಂಗಡಿಯವನು ಎದುರಾದ. ತಲೆಯ ಮೇಲೆ ಅಕ್ಕನ ಗಿರಾಕಿಗಳ ಬಟ್ಟೆಯ ದೊಡ್ಡ ಗಂಟು.

"ನನ್ನ ಅಂಗಡಿಯ ಮೇಲಿನ ಹಲಗೆಗೆ ಹಾಕ್ತೀನಿ," ಎಂದ, ಅವಳ ಮುಖ ನೋಡದೆ. "ಮುಂದಿನ ವರ್ಷ ಚರಂಡಿ ಆಗ್ದಿದ್ರೆ ನೋಡಿ."

"ಆಗುತ್ತೆ," ಎಂದಳು. ಅವನು ನೀರು ಸೀಳಿಕೊಂಡು ಹೋದ. ಅಟ್ಟದಿಂದ ಅವನ ಕೂಸು ಅಳುವುದು, ಅದರ ತಾಯಿ ಜೋಗುಳ ಹಾಡುವುದು ಕೇಳುತ್ತಿತ್ತು.

ಅಕ್ಕ ಇಸ್ತ್ರಿ ಮೇಜಿನ ಮೇಲೆ ಕಾಲು ಮಡಚಿ ಕೂತಿದ್ದಳು. ಮೇಜಿನ ಕಾಲುಗಳ ಅಡಿಗೆ ಇಟ್ಟಿಗೆ ಕೊಟ್ಟಾಗಿತ್ತು. ಸುತ್ತ ಕಂದು ನೀರು, ಅದರ ಮೇಲೆ ಬಕೆಟ್ಟು, ಪೊರಕೆ, ಒಂಟಿ ಚಪ್ಪಲಿ. ಮೆಂಬರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಲ್ಲೇನು ಕಂಬದ ಹಾಗೆ ನಿಂತೆ? ಹತ್ತು." ಅಕ್ಕ ಸರಿದು ಜಾಗ ಮಾಡಿಕೊಟ್ಟಳು. "ಗಂಟೆ ಎಷ್ಟಾಯ್ತು?"

"ಮೂರು ದಾಟಿರಬೇಕು."

"ಹಾಗಾದ್ರೆ ಮಕ್ಕಳು ಎದ್ದಿರ್ತಾವೆ. ಹಾಲು ಕುಡೀತಿರ್ತಾವೆ."

ಮೆಂಬರಮ್ಮ ಹತ್ತಿ ಪಕ್ಕದಲ್ಲಿ ಕೂತಳು. ಅಕ್ಕ ಕೈಚಾಚಿ, ಮೇಜಿನ ಮೂಲೆಯಲ್ಲಿ ಒಣಗಿ ಉಳಿದಿದ್ದ ಒಂದು ಅಂಗಿಯನ್ನು ತೆಗೆದು ತಂಗಿಯ ಮಡಿಲಿಗೆ ಹಾಕಿದಳು. ಮೆಂಬರಮ್ಮ ಒದ್ದೆ ಕೈಯನ್ನು ತಲೆಗೂದಲಿಗೆ ಒರೆಸಿಕೊಂಡು ನೋಡಿದಳು, ಕೂದಲೂ ಒದ್ದೆ. ಅಕ್ಕ ತನ್ನ ಸೆರಗಿನ ಒಣಗಿದ ಚುಂಗನ್ನು ಹುಡುಕಿ ಕೊಟ್ಟಳು. ಅವಳು ಅದರಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡು, ಅಂಗಿಯನ್ನು ತೊಡೆಯ ಮೇಲೆ ಹರಡಿ, ಮಡಚುವುದಕ್ಕೆಂದು ಮೇಲಿನ ಗುಂಡಿ ಹಾಕತೊಡಗಿದಳು.