ಮುಗಿದ ಕೌದಿಗಳ ಪುಸ್ತಕ ಮತ್ತು ಒಂದು ಕತ್ತರಿ

೧
ಎಲ್ಲಿಂದ ಶುರು ಮಾಡಲಿ? ಸೂಜಿಯಿಂದ ಎಂದರೆ ಹಳೇ ಸ್ಟೈಲು. ಕತ್ತರಿಯಿಂದ ಎಂದರೆ ಕೊಲೆಯ ಕಥೆ ಎಂದುಕೊಳ್ಳುತ್ತೀರಿ. (ಕೊಲೆಯೇ. ಸತ್ತದ್ದು ಮಾತ್ರ ಒಂದು ಕೌದಿ.)

ಇರಲಿ, ಕೌದಿಯಮ್ಮನಿಂದಲೇ ಶುರು ಮಾಡುತ್ತೇನೆ. ಬೀದಿಯವರು ಇಟ್ಟ ಹೆಸರು. ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಾಳೆ. ಮುಗಿದ ಪ್ರತಿಯೊಂದಕ್ಕೂ ದಪ್ಪ ಪುಸ್ತಕದಲ್ಲಿ ಜಾಗ: ಫೋಟೊ, ಬಟ್ಟೆಯ ಚೂರು, ಯಾರಿಗೆ ಕೊಟ್ಟದ್ದು, ಮುಗಿದ ದಿನ. ಕೊನೆಯ ಕಾಲಂ, ‘ಈಗ ಹೇಗಿದೆ’. ಅದನ್ನು ತುಂಬಲು ಆಗಾಗ ತಪಾಸಣೆಗೆ ಹೊರಡುತ್ತಾಳೆ. ಸುಳಿವು ಸಿಕ್ಕರೆ ಸಾಕು, ನೆಂಟರ ಮನೆಗಳಲ್ಲಿ ಬೀರುವಿನ ತಳದಿಂದ ಕೌದಿಗಳು ಎದ್ದೆವೋ ಬಿದ್ದೆವೋ ಎಂದು ಮಂಚಕ್ಕೆ ಓಡುತ್ತವೆ.

೨
(ಕುಕ್ಕರ್ ಕೂಗಿತು. ಬಂದೆ.)

೩
ಮೊದಲ ಡ್ರಾಫ್ಟಿನಲ್ಲಿ ಮಗಳ ಮನೆಯ ಕೌದಿ ಕಳೆದುಹೋಗಿತ್ತು. ಹರಿದು ಹಾಕಿದೆ. ಅದೇನು ಬಟನ್ನೇ, ಕಳೆದುಹೋಗಲು? ಈಗ ಕೇಳಿ. ಕೌದಿಯಮ್ಮ ಹೇಳದೆ ಕೇಳದೆ ಮಗಳ ಮನೆಗೆ ಬಂದು, ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಫೋನು ಹಿಡಿದು ನಿಂತಳು.

“ಎಲ್ಲಿ, ಹಾಸು. ಫೋಟೊ ತೆಗೀಬೇಕು.”

“ಒಗೆಯಕ್ಕೆ ಹಾಕಿದೀನಮ್ಮ.”

“ಹೋದ ಸಲಾನೂ ಒಗೆಯಕ್ಕೇ ಹಾಕಿದ್ದೆ. ಅದೇನು ಕೌದಿನೋ, ನಿನ್ನ ಗಂಡನ ಸಾಕ್ಸೋ?”

ಅಷ್ಟರಲ್ಲಿ ಚಿಕ್ಕ ಮೊಮ್ಮಗಳು ಅರ್ಧ ಕೌದಿ ಎಳೆದುಕೊಂಡು ಬಂದಳು. ಹಿಂದೆಯೇ ದೊಡ್ಡವಳು, ಇನ್ನರ್ಧ ಹೊದ್ದು. ನಡುವಿನ ನೀಲಿ ಚೌಕ, ಕೌದಿಯಮ್ಮನ ತಾಯಿಯ ಸೀರೆಯದು, ಕತ್ತರಿ ಬಿದ್ದು ಎರಡಾಗಿತ್ತು.

“ದಿನಾ ಕಿತ್ತಾಟ ಅಮ್ಮ. ಇಬ್ಬರಿಗೂ ಅದೇ ಬೇಕು, ಬೇರೆದು ಮುಟ್ಟಲ್ಲ. ಇನ್ನೇನು ಮಾಡ್ಲಿ, ಮಕ್ಕಳನ್ನ ಕತ್ತರಿಸ್ಲಾ?”

೪
ಅಂತ್ಯ ಒಂದು: ಕೌದಿಯಮ್ಮ ಕಣ್ಣೀರಿಟ್ಟು ಮಗಳನ್ನು ಅಪ್ಪಿಕೊಳ್ಳುತ್ತಾಳೆ.

“ನಾನು ಅಳಲ್ಲ,” ಎಂದು ನನ್ನ ಮೇಲೇ ತಿರುಗಿಬಿದ್ದಳು. “ಅಳು ಅಂದಾಗ ಅಳಕ್ಕೆ ನೀನೇನು ನಮ್ಮತ್ತೆನಾ?”

ಅಂತ್ಯ ಎರಡು: ಸಿಟ್ಟಿನಿಂದ ಪುಸ್ತಕದಲ್ಲಿನ ಈ ಕೌದಿಯ ಹಾಳೆ ಹರಿಯುತ್ತಾಳೆ.

“ಹರಿಯೋದಾ? ಹಿಂದುಗಡೆ ನಮ್ಮ ತಂಗಿ ಕೌದಿ ಇದೆ!”

“ಮತ್ತೆ ಏನು ಮಾಡ್ತೀರಿ?”

“ಸುಮ್ನಿರು ಸ್ವಲ್ಪ.”

ಪೆನ್ನು ಕೆಳಗಿಟ್ಟೆ. ಅಡುಗೆ ಮುಗಿಯುವುದಿಲ್ಲ, ಒಗೆತ ಮುಗಿಯುವುದಿಲ್ಲ; ಇದು ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಅವಳಿಗಿದ್ದದ್ದು ಆ ಪುಸ್ತಕ ಒಂದೇ. ಈಗ ಅದರಲ್ಲೂ ಒಂದು ‘ಮುಗಿಯಿತು’ ಸುಳ್ಳಾಗಿತ್ತು. (ಪಾತ್ರೆಗಳ ರಾಶಿಯ ಪಕ್ಕ ಕೂತು ಬರೆಯುವವಳಿಗೆ ಇದನ್ನು ಊಹಿಸಲು ಕಷ್ಟವೇನಲ್ಲ.)

೫
“ದಾರ ಬಿಡ್ತಾ ಇದೆ, ಸೂಜಿ ತಾ,” ಎಂದಳು ಮಗಳಿಗೆ.

“ಮತ್ತೆ ಜೋಡಿಸ್ತೀಯಾ?”

“ಯಾಕೆ, ಮತ್ತೆ ಕಿತ್ತಾಡಕ್ಕಾ? ಎರಡಕ್ಕೂ ಅಂಚು ಕಟ್ತೀನಿ.”

ಚಿಕ್ಕವಳು ತನ್ನ ಅರ್ಧ ಹೊದ್ದು ಅಜ್ಜಿಯ ಪಕ್ಕ ಮಲಗಿದಳು. ಪಾದಗಳೆರಡೂ ಹೊರಗೆ. ಕೌದಿಯಮ್ಮ ಅವನ್ನೇ ನೋಡಿದಳು. ಪುಸ್ತಕ ತೆರೆದು ‘ಮುಗಿದ ದಿನ’ದ ಮೇಲೆ ಗೀಟು ಎಳೆದಳು. ‘ಈಗ ಹೇಗಿದೆ’ ಎಂಬಲ್ಲಿ ಬರೆದಳು: ಸಾಲುತ್ತಿಲ್ಲ.

ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ.

“ಏಯ್, ಈಗಲೇ ಗಂಟು ಹಾಕ್ಬೇಡ,” ಎಂದಳು ಸೂಜಿಗೆ ದಾರ ಪೋಣಿಸುತ್ತಾ. “ಮಗು ಕಾಲು ಆಚೆ ಇದೆ. ನಿಮ್ಮನೇಲಿ ಹಳೇ ಬಟ್ಟೆ ಏನಾದ್ರೂ ಇದೆಯಾ?”

ಇದೆ. ನನ್ನ ಮಗನಿಗೆ ಗಿಡ್ಡವಾದ ಹಳದಿ ಅಂಗಿ. ಹುಡುಕಿ ತರುತ್ತೇನೆ, ಅಲ್ಲಿಯವರೆಗೆ ಆ ಪಾದಗಳ ಮೇಲೆ ನಿಮ್ಮ ಕೈ ಇಟ್ಟಿರಿ