ಮಾಸ್ಕಿ ಎಂಬ ಮಾತು

ದ್ವೀಪದೂರಾದ ರಬೌಲಿನ ನಮ್ಮ ಹಿತ್ತಿಲಲ್ಲಿ ನಾನೂ ನೆರೆಮನೆಯ ಇಯಾಕುಬಕ್ ಎಂಬಾಕೆಯೂ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದೆವು.

"ಅಕ್ಕಾ, ಈ 'ಮಾಸ್ಕಿ' ಅನ್ನೋ ಮಾತು ಹಿಂದೆ ನಮ್ಮನ್ನಾಳಿದ ಜರ್ಮನಿಯವರು ತಂದಿದ್ದಂತೆ," ಎಂದಳು.

"ಬಿಡೇ, ಚೀನಾ ಕಡೆಯ ಹಡಗಿನವರು ತಂದಿದ್ದು ಅಂತಿದ್ದ ನಮ್ಮಜ್ಜ."

"ಯಾರಾದ್ರೂ ತರ್ಲಿ, ನಮ್ಮ ಯಜಮಾನಂಗೆ ಬರೋದು ಅದೊಂದೇ! ಮೀನು ಸೀದ್ರೆ ಮಾಸ್ಕಿ, ಹೋಗ್ಲಿ ಬಿಡು ಅಂತ. ಮಳೆ ಬಂದ್ರೂ ಮಾಸ್ಕಿ, ಬಂದ್ರೆ ಬರ್ಲಿ ಅಂತ."

ನನಗೆ ನಗು ಬರಲಿಲ್ಲ. ಕಳೆದ ಗಾಳಿಗಾಲದಲ್ಲಿ ನನ್ನ ಮಗ ಟೊಮಿರುಮ್ ದೋಣಿಯ ಸಮೇತ ಕಾಣೆಯಾಗಿದ್ದ. ಅವನ ಆತ್ಮಕ್ಕಾಗಿ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಅರ್ಪಿಸಿ ಎಂದು ಪಾದ್ರಿಗಳಿಗೆ ಬರೆದ ಕಾಗದ ಇನ್ನೂ ನನ್ನ ಬುಟ್ಟಿಯಲ್ಲೇ ಇತ್ತು. ಕಳಿಸಿದರೆ ಅವನು ಸತ್ತನೆಂದು ನಾನೇ ಒಪ್ಪಿದ ಹಾಗೆ. ನನ್ನವರಂತೂ ಎಷ್ಟೇ ಗಾಳಿಯಿದ್ದರೂ "ಮಾಸ್ಕಿ" ಎನ್ನುತ್ತ ದಿನವೂ ಹುಡುಕಲು ಹೋಗುತ್ತಿದ್ದರು.

ಅಂದು ಸಮುದ್ರ ಶಾಂತವಾಗಿತ್ತು. ಆದರೂ ಅವರು ಬೇಗ ಬಂದರು. ದೋಣಿಯನ್ನು ಮನೆಯವರೆಗೂ ಎಳೆದು ತಂದು ಮಗುಚಿ ಹಾಕಿದರು.

"ಯಾಕ್ರೀ, ನಾಳೆ ಹೋಗಲ್ವಾ?"

"ಮಾಸ್ಕಿ ಕಣೇ," ಎಂದು ನೆಲದ ಮೇಲೆ ಕುಸಿದು ಕೂತರು.

ಇಯಾಕುಬಕ್ ಚಾಕು ಕೆಳಗಿಟ್ಟಳು. ನಾನು ಕೈ ತೊಳೆದುಕೊಂಡು ರಸ್ತೆಗೆ ಹೋಗಿ, ಚರ್ಚಿನ ಕಡೆ ಹೊರಟಿದ್ದ ಲಾರಿಯವನ ಕೈಗೆ ಕಾಗದ ಕೊಟ್ಟೆ.