ಬರಿಗೈಲಿ ಬಾ

ರಾಗ್ನಾ ಬೆನ್ನುಚೀಲವನ್ನು ಮತ್ತೊಮ್ಮೆ ಅಡುಗೆಮನೆಯ ನೆಲಕ್ಕೆ ಸುರಿದಳು. ಕಾಫಿಯ ಫ್ಲಾಸ್ಕ್ ಉರುಳಿಕೊಂಡು ಹೋಗಿ ಒಲೆಗೆ ತಾಗಿ ನಿಂತಿತು. ಗಿಡ್ಡ ಗಾಳಕೋಲುಗಳು, ಹುಳದ ಡಬ್ಬಿ, ಒಣ ಕಾಲುಚೀಲ, ಬೆಂಕಿಪೊಟ್ಟಣ, ಮಂಜುಗಡ್ಡೆಯ ಮೇಲೆ ಹಾಸಿಕೊಂಡು ಕೂರುವ ಹಿಮಸಾರಂಗದ ಚರ್ಮ. ಕಪ್ಪು ಉಡುಪು ತೊಟ್ಟು ಅವಳು ಅವುಗಳ ನಡುವೆ ಮಂಡಿಯೂರಿದ್ದಳು. ಗಂಡ ಹಾಲ್ವರನ ಹೆಣ ಚರ್ಚಿನಲ್ಲಿ ಕಾಯುತ್ತಿತ್ತು.

"ಅಮ್ಮ, ಏನ್ ಮಾಡ್ತಿದೀಯ?" ಮಗಳು ಸುನ್ನಿವಾ ಬಾಗಿಲಲ್ಲಿ ನಿಂತು ಕೇಳಿದಳು. "ಕಾರ್ ಸ್ಟಾರ್ಟ್ ಮಾಡಿ ಎಷ್ಟೊತ್ತಾಯ್ತು."

"ನಿಮ್ಮಪ್ಪ ಚೀಲ ತುಂಬೋವಾಗ ಕಾಲುಚೀಲ ಇಡ್ತಿದ್ದಿದ್ದು ಫ್ಲಾಸ್ಕಿನ ಕೆಳಗಾ, ಮೇಲಾ?"

"ಅಪ್ಪನ್ನ ಮಣ್ಣು ಮಾಡೋ ದಿನ ಇದು."

"ಅದಕ್ಕೇ ಕೇಳ್ತಿರೋದು. ಮೇಲಾ, ಕೆಳಗಾ?"

"ಕೆಳಗೆ. ಚರ್ಮದ ಮಡಿಕೆ ಒಳಗೆ. ಯಾಕೆ?"

ರಾಗ್ನಾ ಕಾಲುಚೀಲವನ್ನು ಕೈಗೆತ್ತಿಕೊಂಡಳು. ಚೀಲ ಮನೆಗೆ ಬಂದಾಗ ಕಾಲುಚೀಲ ಎಲ್ಲಕ್ಕಿಂತ ಮೇಲಿತ್ತು. ಬೆಂಕಿಪೊಟ್ಟಣ ಬೇರೆ ಜೇಬಿನಲ್ಲಿತ್ತು. ಅಂದರೆ ಹಾಲ್ವರ್ ಮೊದಲು ತುಂಬಿದ ಮೇಲೆ ಯಾರೋ ಇದನ್ನು ಬಿಚ್ಚಿ ಮತ್ತೆ ತುಂಬಿದ್ದಾರೆ. ಅದು ಹಾಲ್ವರನೇ ಅಂತ ಒಬ್ಬರು ಹೇಳಿಬಿಟ್ಟರೆ ಅವಳು ನೆಮ್ಮದಿಯಾಗಿ ಅತ್ತು ಅವನನ್ನು ಮಣ್ಣಿಗೆ ಕೊಡಬಹುದಿತ್ತು.

"ಬೂಟು ಹಾಕ್ಕೋ ಅಮ್ಮ," ಎಂದಳು ಸುನ್ನಿವಾ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು.

* * *

ಉತ್ತರದ ತುತ್ತತುದಿಯ ಫಿನ್‌ಮಾರ್ಕಿನ ಆ ಕಡಲಂಚಿನ ಊರಿನಲ್ಲಿ ಮೀನಿಗೆ ಹೊರಟವನಿಗೆ ಯಾರೂ ಒಳ್ಳೆಯದಾಗಲಿ ಎನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಬೈದು ಕಳಿಸುವುದೇ ಮರ್ಯಾದೆ. ಚಳಿಗಾಲದ ಶನಿವಾರಗಳಲ್ಲಿ ಹಾಲ್ವರ್ ಮಲೆಯ ಮೇಲಿನ ಹೆಪ್ಪುಗಟ್ಟಿದ ಕೆರೆಗೆ ಹೊರಟು ನಿಂತರೆ ರಾಗ್ನಾ, "ಬರಿಗೈಲಿ ಬಾ, ಹಾಳಾದವನೇ," ಎನ್ನುವಳು. "ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದು ಅವನು ಬಾಗಿಲೆಳೆದುಕೊಳ್ಳುವನು. ನಲವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಇದಕ್ಕಿಂತ ಸಿಹಿಯಾಗಿ ಮಾತಾಡಿದ್ದು ಕಡಿಮೆ.

ಬಾಯಿ ತಪ್ಪಿ ಯಾರಾದರೂ ಒಳ್ಳೆಯ ಮಾತಾಡಿದರೆ ಅದಕ್ಕೂ ಪರಿಹಾರವಿತ್ತು. ಹೊರಟವನು ಅಲ್ಲೇ ಚೀಲ ಪೂರಾ ಸುರಿದು, ಎಲ್ಲವನ್ನೂ ಹೊಸದಾಗಿ ತುಂಬಿಕೊಂಡು, ಈಗಷ್ಟೇ ಹೊರಟವನ ಹಾಗೆ ಹೊರಡಬೇಕು. ಆಗ ದೃಷ್ಟಿದೋಷ ಹೋಗುತ್ತದೆ. ದಕ್ಷಿಣದಿಂದ ಹೊಸದಾಗಿ ಬಂದ ಪಾದ್ರಿಯೊಬ್ಬರು ದಾರಿಯಲ್ಲಿ ಎದುರಾಗಿ ಹರಸಿದ್ದಕ್ಕೆ ಹಾಲ್ವರನ ಅಪ್ಪ ಅವರ ಕಾಲ ಬುಡದಲ್ಲೇ ಹಿಮದ ಮೇಲೆ ಚೀಲ ಸುರಿದಿದ್ದನಂತೆ. ಪಾದ್ರಿ ಪಾಪ, ತನಗೇ ಏನೋ ಮಾರಲು ಬಂದಿದ್ದಾನೆ ಅಂದುಕೊಂಡರಂತೆ.

ಆ ಶನಿವಾರ ರಾಗ್ನಾ ರಾತ್ರಿಯುಡುಪಿನಲ್ಲೇ ಬಾಗಿಲಿಗೆ ಬಂದಿದ್ದಳು. ಹಾಲ್ವರ್ ಬಗ್ಗಿ ಬೂಟು ಕಟ್ಟಿಕೊಳ್ಳುತ್ತಿದ್ದ. ಕಾಲರಿನ ಮೇಲೆ ಅವನ ಕುತ್ತಿಗೆ ಕಂಡಿತು. ಎಷ್ಟು ಸಣ್ಣಗಾಗಿತ್ತು ಅದು!

"ಒಳ್ಳೇದಾಗಲಿ, ಹಾಲ್ವರ್. ಚೆನ್ನಾಗಿ ಸಿಗಲಿ," ಅಂದುಬಿಟ್ಟಳು.

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಚೀಲ ಹೆಗಲಿಗೇರಿಸಿ ಬಾಗಿಲು ಹಾಕಿಕೊಂಡು ಹೋದ. ಅವಳು ನಾಚಿಕೆಯಿಂದ ಹಾಸಿಗೆಗೆ ಮರಳಿ ಕಿವಿಯವರೆಗೂ ಕಂಬಳಿ ಎಳೆದುಕೊಂಡಳು. ಹಾಗಾಗಿ ಅವನು ಅಂಗಳದಲ್ಲಿ ಚೀಲ ಸುರಿದನೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನ ಕೆರೆಯ ಮೇಲಿಂದ ಅವನ ಜೊತೆಗಾರ ಆಸ್ಲಾಕನ ಫೋನ್ ಬಂತು. ಹಾಲ್ವರನನ್ನು ಹೆಲಿಕಾಪ್ಟರ್ ಒಯ್ದಿತು. ಚೀಲವಷ್ಟೇ ಆಸ್ಲಾಕನ ಹಿಮದ ಸ್ಕೂಟರಿನಲ್ಲಿ ಮನೆಗೆ ಬಂತು. ಹೃದಯ ಸೋತಿತ್ತು, ಮನೆಯಲ್ಲಿ ಮಲಗಿದ್ದರೂ ಹೋಗುತ್ತಿದ್ದ ಎಂದರು ಡಾಕ್ಟರು. ರಾಗ್ನಾ ತಲೆಯಾಡಿಸಿದಳು. ಡಾಕ್ಟರೂ ದಕ್ಷಿಣದವರೇ. ಅವರಿಗೇನು ಗೊತ್ತು?

* * *

ಚರ್ಚಿನಿಂದ ಸಮಾಧಿಗೆ ಹೋಗುವ ದಾರಿಯಲ್ಲಿ ಹೆಂಗಸರು ಅವಳ ಎರಡೂ ಕಡೆ ನಡೆದರು. ಹಾಲ್ವರ್ ಊರಿನ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವನು. ಅವನ ಗಾಡಿಯ ಸದ್ದಿಗೇ ಅವರೆಲ್ಲ ಏಳುತ್ತಿದ್ದುದು.

"ಮೊದಲು ನನ್ನ ಅಂಗಳವೇ ತಳ್ಳೋನು," ಎಂದಳು ಪಕ್ಕದ ಮನೆಯ ಮುದುಕಿ. "ಕಾಫಿಗೆ ಬಾರೋ ಅಂದ್ರೆ ಮಾತ್ರ ಬರ್ತಿರಲಿಲ್ಲ. ಬೂಟು ಬಿಚ್ಚಬೇಕಲ್ಲ ಅಂತಿದ್ದ."

"ಬೂಟಿಗಲ್ಲ, ಬಾಯಿ ಬಿಚ್ಚಬೇಕಲ್ಲ ಅಂತ," ಎಂದಳು ಇನ್ನೊಬ್ಬಳು.

ರಾಗ್ನಾಗೆ ಯಾವುದೂ ತಲೆಗೆ ಹೋಗಲಿಲ್ಲ. ಅವಳ ಕಣ್ಣು ಮುಂದೆ ಹೋಗುತ್ತಿದ್ದ ಆಸ್ಲಾಕನ ಅಗಲ ಬೆನ್ನಿನ ಮೇಲಿತ್ತು. ಹೆಂಗಸರಿಂದ ಕೈ ಬಿಡಿಸಿಕೊಂಡು ಅವನ ತೋಳು ಹಿಡಿದಳು.

"ಆಸ್ಲಾಕ್, ಆ ಚೀಲ ತುಂಬಿದ್ದು ಯಾರು?"

"ಯಾವ ಚೀಲ?"

"ಹಾಲ್ವರಂದು. ನೀನು ತಂದುಕೊಟ್ಟಿದ್ದು."

ಆಸ್ಲಾಕ್ ಕೆಂಪಾದ. "ಫ್ಲಾಸ್ಕಲ್ಲಿದ್ದ ಕಾಫಿ ಕುಡಿದೆ, ಒಪ್ಕೋತೀನಿ. ಹೆಲಿಕಾಪ್ಟರ್ ಬರೋವರೆಗೆ ಕೈಯಲ್ಲಿ ಏನಾದ್ರೂ ಬೇಕಿತ್ತು. ಬೇರೆ ಏನೂ ತಗೊಂಡಿಲ್ಲ ರಾಗ್ನಾ. ಒಂದು ಕೊಕ್ಕೆ ಕೂಡ."

"ಕಾಫಿ ಮನೆ ಹಾಳಾಗ್ಲಿ. ಅವತ್ತು ಬೆಳಗ್ಗೆ ಅವನು..."

ಅಷ್ಟರಲ್ಲಿ ಶವಪೆಟ್ಟಿಗೆ ಇಳಿಸುವವರನ್ನು ಕರೆದರು. ಆಸ್ಲಾಕ್ ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಪೆಟ್ಟಿಗೆಯ ಪಟ್ಟಿ ಹಿಡಿಯಲು ಹೋದ. ಹಾಲ್ವರ್ ಹಿಮದ ನಡುವಿನ ಕರಿಮಣ್ಣಿಗೆ ಇಳಿದ. ಹೆಂಡತಿಯಾದವಳು ಆಗ ಪೆಟ್ಟಿಗೆ ನೋಡಬೇಕು. ರಾಗ್ನಾ ಮಾತ್ರ ಆಸ್ಲಾಕನ ಮುಖವನ್ನೇ ನೋಡುತ್ತಿದ್ದಳು. ಅದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

* * *

ಪ್ರಾರ್ಥನಾ ಮನೆಯಲ್ಲಿ ಬ್ರೆಡ್ಡಿನ ಮೇಲೆ ಸೀಗಡಿ ಹರಡಿಟ್ಟಿದ್ದರು, ಕೆನೆ ಬಳಿದ ಕೇಕ್ ಇತ್ತು, ಕಾಫಿ ಬೇಕಾದಷ್ಟಿತ್ತು. ಪಾದ್ರಿ ಮಾತಾಡಿದ ಮೇಲೆ ಆಸ್ಲಾಕ್ ಎದ್ದುನಿಂತ.

"ನಂಗೆ ಭಾಷಣ ಬರಲ್ಲ. ಅವನಿಗೂ ಬರ್ತಿರಲಿಲ್ಲ, ಹಾಗಾಗಿ ಸರಿಹೋಯ್ತು," ಎಂದ. "ಅವತ್ತಿನ ಬೆಳಗ್ಗೆ ವಿಷಯ ಹೇಳ್ತೀನಿ. ಬಂದು ಸ್ಕೂಟರ್ ಮೇಲೆ ಹಿಂದೆ ಕೂತವನು ನಗ್ತಿದ್ದ. ಹಾಲ್ವರ್ ಬೆಳಗ್ಗೆ ನಗ್ತಾನೆ ಅಂದ್ರೆ ಯಾರೋ ಜಾರಿ ಬಿದ್ದಿರಬೇಕು. ಏನಾಯ್ತೋ ಅಂದೆ. 'ರಾಗ್ನಾ ಒಳ್ಳೇದಾಗಲಿ ಅಂದ್ಲು' ಅಂದ."

ಯಾರೋ ಉಸಿರೆಳೆದುಕೊಂಡರು. ರಾಗ್ನಾ ಇಷ್ಟು ದಿನ ಮಗಳಿಗೂ ಹೇಳದೆ ನುಂಗಿಕೊಂಡಿದ್ದ ಮಾತು ಕೇಕು ಕಾಫಿಯ ಜೊತೆ ಎಲ್ಲರ ಮುಂದೆ ಬಂದಿತ್ತು.

"ನಾನು ಹೌಹಾರಿದೆ. ಇಳಿಯೋ, ಚೀಲ ಸುರಿ, ಕಾಯ್ತೀನಿ ಅಂದೆ. ನನ್ನ ಶನಿವಾರಾನೂ ಹಾಳಾಗುತ್ತಲ್ಲ. ಕೇಳಿದ್ರೆ ತಾನೆ? 'ನಲವತ್ತು ವರ್ಷಕ್ಕೆ ಒಂದು ಸಲ ಹೆಂಡ್ತಿ ಒಳ್ಳೇ ಮಾತಾಡಿದಾಳೆ. ಅದನ್ನ ಹಿಮದಲ್ಲಿ ಸುರಿ ಅಂತೀಯಲ್ಲ, ನಿಂಗೆ ಬುದ್ಧಿ ಇದೆಯಾ? ಹೊರಡು' ಅಂದ."

"ಮೀನು ಸಿಕ್ತಾ?" ಹಿಂದಿನಿಂದ ಯಾರೋ ಕೇಳಿದರು.

"ಎಲ್ಲಿಂದ ಸಿಗುತ್ತೆ? ಇಬ್ಬರಿಗೂ ಒಂದೂ ಇಲ್ಲ."

ಎಲ್ಲರೂ ನಕ್ಕರು. ಸುನ್ನಿವಾ ನಗುತ್ತ ಅತ್ತಳು. ರಾಗ್ನಾಗೆ ಎರಡೂ ಆಗಲಿಲ್ಲ. ಸುರಿದಿದ್ದ ಎಂಬ ಒಂದೇ ಮಾತಿಗೆ ಅವಳು ಇಷ್ಟು ದಿನ ಕಾದಿದ್ದಳು. ಅವನು ಸುರಿಯಲೇ ಇಲ್ಲ; ಚೀಲ ಬಿಚ್ಚಿದ್ದು ಕಾಫಿಗೆಂದು ಆಸ್ಲಾಕನೇ. ಅವಳ ಮಾತನ್ನು ಹೊತ್ತುಕೊಂಡೇ ಬೆಟ್ಟ ಹತ್ತಿದ್ದ. ಹಾಗಾದರೆ ಅವನನ್ನು ಕೊಂದದ್ದು ತಾನೇ ಅಲ್ಲವೇ? ಮೊದಲು ಸಿಟ್ಟು ಬಂತು, ಸುರಿದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅದರ ಬೆನ್ನಿಗೇ, ಮದುವೆಯ ಹೊಸತರಲ್ಲಿ ಕೂಡ ಆಗದಷ್ಟು, ಅವನ ಮೇಲೆ ಪ್ರೀತಿ ಉಕ್ಕಿತು. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ ಅವಳು ಎದ್ದು ಸೀದಾ ಆಸ್ಲಾಕನ ಹತ್ತಿರ ಬಂದಳು.

"ಕೆರೆ ಮೇಲೆ ಹೇಗೆ ಕೂತಿದ್ದ ಅವನು? ತೋರಿಸು."

"ಇಲ್ಲೇನಾ?"

"ಇಲ್ಲೇ."

ಆಸ್ಲಾಕ್ ಸುನ್ನಿವಾಳ ಕಡೆ ನೋಡಿದ. ಅವನು ಎರಡು ಕುರ್ಚಿ ಎಳೆದು ತಂದ. ಅವತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಸ್ವಲ್ಪ ಹೊತ್ತು ಯೋಚಿಸಿ, ಅಡುಗೆಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಅವನ್ನಿಟ್ಟ. ಕುರ್ಚಿಗಳೆದುರು ಜನ ಕೋಟು ನೇತುಹಾಕಿದ್ದ ಗೋಡೆಯಿತ್ತು.

"ಇದು ನಂದು, ಅದು ಅವನದು. ಯಾವಾಗಲೂ ಇಷ್ಟು ದೂರ. ಹತ್ರ ಕೂತ್ರೆ ಮಾತಾಡಬೇಕಾಗುತ್ತೆ ಅಂತಿದ್ದ."

"ಅವತ್ತೂ ಇಷ್ಟೇ ದೂರಾನಾ?"

ಆಸ್ಲಾಕ್ ತಲೆ ಕೆರೆದುಕೊಂಡ. "ಇಲ್ಲ. ಅವತ್ತು ಹತ್ರ ಬಂದು ಕೂತ."

ರಾಗ್ನಾ ಕುರ್ಚಿಯನ್ನು ಹತ್ತಿರಕ್ಕೆಳೆದು ಕೂತಳು. ಆಸ್ಲಾಕ್ ಪಕ್ಕದಲ್ಲಿ ಕೂತ. ಸುನ್ನಿವಾ ಕಾಫಿ ತಂದವಳು ಅಮ್ಮನನ್ನು ಕರೆಯದೆಯೇ ಹಿಂದಕ್ಕೆ ಹೋದಳು. ಹೊರಡುವ ಹೊತ್ತಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು, ಅವರಿಬ್ಬರ ತಲೆಯ ಮೇಲಿಂದ ಕೈಚಾಚಿ, ಸದ್ದಿಲ್ಲದೆ ತಮ್ಮ ತಮ್ಮ ಕೋಟು ತೆಗೆದುಕೊಂಡು ಹೋದರು.